ಹಕ್ಕಿನ ಸುದ್ದಿ ಹೇಳುವ ಕೆಲಸ

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿ. ಇನ್ನೊಂದಿಷ್ಟು ಮುಂದಕ್ಕೆ ಹೋದರೆ ಆಂಧ್ರ. ಮದನಪಲ್ಲಿಯ ಟೊಮೆಟೊ ಮಂಡಿ ನಮಗೆ ಕೋಲಾರದಷ್ಟೇ ಪರಿಚಯ. 2020ರ ಡಿಸೆಂಬರ್‌ನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಗೆದ್ದು ಸದಸ್ಯೆಯಾದೆ. ಚರಂಡಿ, ಬೀದಿದೀಪ, ಬೋರ್‌ವೆಲ್ ಮೋಟರು ಅಂತ ಜನ ಬಂದೇ ಬಂದರು. ಅದರ ಜೊತೆಗೆ ಮತ್ತೆ ಮತ್ತೆ ಕೇಳಿದ್ದು ಇನ್ನೊಂದು ಮಾತು: "ಇದಕ್ಕೆ ಕಾನೂನು ಏನಾದರೂ ಇದೆಯೇನಮ್ಮಾ?"

ಬಹಳ ಸಲ ಇರುತ್ತಿತ್ತು. ವಿಧಾನಸಭೆಯಲ್ಲೋ ಸಂಸತ್ತಿನಲ್ಲೋ ಪಾಸಾಗಿ, ಗೆಜೆಟ್ಟಿನಲ್ಲಿ ಅಚ್ಚಾಗಿ, ಎಷ್ಟೋ ವರ್ಷ ಕಳೆದಿರುತ್ತಿತ್ತು. ನಮ್ಮ ಬೀದಿಗೆ ಮಾತ್ರ ಅದರ ಸುದ್ದಿ ಬಂದಿರುತ್ತಿರಲಿಲ್ಲ. ಆ ಸುದ್ದಿಯನ್ನು ಜನರಿಗೆ ಮುಟ್ಟಿಸುವುದೇ ಜನಪ್ರತಿನಿಧಿಯ ಮೊದಲ ಕೆಲಸ ಎಂದು ಈ ಅವಧಿ ನನಗೆ ಕಲಿಸಿತು. ಶಾಸಕರಿಂದ ಹಿಡಿದು ವಾರ್ಡ್ ಸದಸ್ಯರವರೆಗೆ ಎಲ್ಲರಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಶಾಸಕರೇ ತಂದ ಕಾಯ್ದೆ

ನಮ್ಮ ಕ್ಷೇತ್ರದ ರಾಜಕೀಯ ರಾಜ್ಯಕ್ಕೆಲ್ಲ ಗೊತ್ತಿರುವಂಥದ್ದು. ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ, ದಶಕಗಳಿಂದ ಇವರಿಬ್ಬರಲ್ಲೇ ಗೆಲುವು ಸೋಲು. 2018ರಲ್ಲಿ ರಮೇಶ್ ಕುಮಾರ್ ಗೆದ್ದರು, 2023ರಲ್ಲಿ ವೆಂಕಟಶಿವಾರೆಡ್ಡಿ. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, 2017ರ ನವೆಂಬರ್‌ನಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಬೆಳಗಾವಿ ಅಧಿವೇಶನದಲ್ಲಿ ತಿದ್ದುಪಡಿಯಾಯಿತು. ಖಾಸಗಿ ವೈದ್ಯರು ಮುಷ್ಕರ ಹೂಡಿದ್ದರಿಂದ ಅದು ದೊಡ್ಡ ಸುದ್ದಿಯೂ ಆಯಿತು. ತುರ್ತು ಚಿಕಿತ್ಸೆಗೆ ಬಂದವರಿಂದ ಮುಂಗಡ ಹಣಕ್ಕೆ ಪಟ್ಟು ಹಿಡಿಯುವಂತಿಲ್ಲ, ರೋಗಿ ತೀರಿಕೊಂಡರೆ ಬಾಕಿ ಹಣದ ನೆಪದಲ್ಲಿ ಶವ ಇಟ್ಟುಕೊಳ್ಳುವಂತಿಲ್ಲ, ಬಾಕಿ ಇದ್ದರೆ ಆಮೇಲೆ ವಸೂಲು ಮಾಡಿಕೊಳ್ಳಬಹುದು ಎಂಬ ಮಾತುಗಳು ಅದರಲ್ಲಿವೆ. ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಇದೆ.

ಒಂದು ರಾತ್ರಿ ನಮ್ಮ ಕಾಲೊನಿಯ ಕೂಲಿ ಕುಟುಂಬವೊಂದರಿಂದ ಫೋನ್ ಬಂತು. ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮನೆಯ ಹಿರಿಯರು ತೀರಿಕೊಂಡಿದ್ದರು. ಬಾಕಿ ಕಟ್ಟುವವರೆಗೆ ಶವ ಕೊಡುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದ್ದರಂತೆ. ಇದ್ದ ಒಂದು ಹಸುವನ್ನು ಯಾರಿಗೆ ಮಾರುವುದು ಎಂದು ಮಗ ಆ ಹೊತ್ತಿನಲ್ಲಿ ನನ್ನನ್ನು ಕೇಳುತ್ತಿದ್ದ. ನಾನು ಕಾಯ್ದೆಯ ಹೆಸರನ್ನು ನಿಧಾನವಾಗಿ ಹೇಳಿ, ಎರಡು ಸಲ ಅವನ ಬಾಯಲ್ಲಿ ಹೇಳಿಸಿದೆ. "ಜಗಳ ಆಡಬೇಡ. ಶವ ಯಾಕೆ ಕೊಡುವುದಿಲ್ಲ ಅಂತ ಬರೆದು ಸಹಿ ಹಾಕಿ ಕೊಡಿ, ಜಿಲ್ಲಾಧಿಕಾರಿಗೆ ದೂರು ಕೊಡಬೇಕು ಅಂತ ಕೇಳು" ಅಂದೆ. ಬರೆದು ಕೊಡಲು ಅಲ್ಲಿ ಯಾರೂ ಮುಂದೆ ಬರಲಿಲ್ಲ. ಬೆಳಗಾಗುವುದರೊಳಗೆ ಶವ ಊರಿಗೆ ಬಂತು.

ನಮ್ಮ ತಾಲ್ಲೂಕಿನ ಶಾಸಕರೇ ಸಚಿವರಾಗಿ ಮಂಡಿಸಿದ ಕಾಯ್ದೆ ಅದು. ಅದರಲ್ಲಿ ಬಡವರಿಗೆ ಏನಿದೆ ಎಂಬುದು ನಮ್ಮ ತಾಲ್ಲೂಕಿನ ಆ ಮನೆಗೆ ಅಷ್ಟು ವರ್ಷವಾದರೂ ತಿಳಿದಿರಲಿಲ್ಲ. ಕಾಯ್ದೆ ಮಾಡುವುದಕ್ಕೆ ಇಡೀ ಒಂದು ಸದನವಿದೆ. ಅದನ್ನು ತಿಳಿಸಲು ಅಂತ ಯಾರನ್ನೂ ನೇಮಿಸಿಲ್ಲ. ಆ ಜಾಗದಲ್ಲಿ ನಾವೇ ನಿಲ್ಲಬೇಕು.

ನಾಲ್ಕು ಪ್ರಶ್ನೆ

"ನಿಮಗೆ ಹಕ್ಕಿದೆ" ಎಂದು ಹೇಳಿ ಕಳಿಸಿದರೆ ಜನ ಕಚೇರಿಗೆ ಹೋಗಿ ಬರಿಗೈಲಿ ಬರುತ್ತಾರೆ. ಆಮೇಲೆ ಹಕ್ಕಿನ ಮೇಲೂ ನಂಬಿಕೆ ಇರುವುದಿಲ್ಲ, ಹೇಳಿದವರ ಮೇಲೂ ಇರುವುದಿಲ್ಲ. ಅದಕ್ಕೆ ಯಾವ ಕಾಯ್ದೆ, ಯಾವ ಯೋಜನೆಯ ಬಗ್ಗೆ ಮಾತಾಡಿದರೂ ನಾಲ್ಕು ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡೇ ಹೊರಡುತ್ತಿದ್ದೆ. ಯಾರ ಹತ್ತಿರ ಹೋಗಬೇಕು? ಯಾವ ಕಾಗದ ಕೊಡಬೇಕು? ಎಷ್ಟು ದಿನದಲ್ಲಿ ಆಗಬೇಕು? ಆಗದಿದ್ದರೆ ಮುಂದೆ ಯಾರು?

ನಮ್ಮ ಹೆಣ್ಣುಮಕ್ಕಳ ನರೇಗಾ ಕೆಲಸದ ವಿಷಯ ತೆಗೆದುಕೊಳ್ಳಿ. ಮಾವಿನ ಸುಗ್ಗಿ ಮುಗಿದ ಮೇಲೆ ಕೂಲಿ ಇಲ್ಲದ ತಿಂಗಳುಗಳು ಬರುತ್ತವೆ. ಕೆಲಸ ಕೊಡಿ ಅಂತ ಅವರು ಬಾಯಿಮಾತಲ್ಲಿ ಕೇಳುತ್ತಿದ್ದರು, "ಬಂದಾಗ ಹೇಳ್ತೀವಿ" ಎಂಬ ಉತ್ತರ ಬಾಯಿಮಾತಲ್ಲೇ ಸಿಗುತ್ತಿತ್ತು. 2005ರ ನರೇಗಾ ಕಾಯ್ದೆ ಬಾಯಿಮಾತಿಗೆ ಬಿಟ್ಟಿರಲಿಲ್ಲ. ನಮೂನೆ 6ರಲ್ಲಿ ಅರ್ಜಿ ಕೊಟ್ಟರೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತ್ತು. ನಾವು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿ, ಶಾಲೆಗೆ ಹೋಗುವ ಮಕ್ಕಳ ಕೈಲಿ ಅರ್ಜಿ ತುಂಬಿಸಿದೆವು. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಡಲು ಹಿಂದೆ ಮುಂದೆ ನೋಡಿದರು. ಸ್ವೀಕೃತಿ ಕೈಗೆ ಬರುವವರೆಗೆ ಹೆಣ್ಣುಮಕ್ಕಳು ಜಗುಲಿ ಬಿಟ್ಟು ಏಳಲಿಲ್ಲ. ಸಹಿ, ಸೀಲು, ದಿನಾಂಕ, ಮೂರೂ ಇವೆಯೇ ಎಂದು ಒಬ್ಬೊಬ್ಬರೂ ಮಕ್ಕಳಿಗೆ ತೋರಿಸಿ ನೋಡಿಸಿಕೊಂಡರು. ಗಡುವಿನೊಳಗೆ ಕೆರೆ ಹೂಳೆತ್ತುವ ಕೆಲಸ ಶುರುವಾಯಿತು. ಅಲ್ಲಿಂದ ಮುಂದೆ ನಮ್ಮ ಬೀದಿಯಲ್ಲಿ ಯಾರು ಯಾವ ಕಚೇರಿಗೆ ಹೋಗಿ ಬಂದರೂ ಮೊದಲು ಕೇಳುವುದು "ಸ್ವೀಕೃತಿ ಎಲ್ಲಿ?" ಎಂದೇ.

ಜಾತಿ–ಆದಾಯ ಪ್ರಮಾಣಪತ್ರ, ಖಾತೆ, ಪಿಂಚಣಿಯಂಥವಕ್ಕೆ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಹಾಕಿದಾಗ 15 ಅಂಕಿಯ ಸಕಾಲ ಸಂಖ್ಯೆ ಕೇಳಿ ಪಡೆಯಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ತಡ ಮಾಡಿದ್ದು ತಪ್ಪು ಎಂದು ಸರ್ಕಾರವೇ ಒಪ್ಪಿಕೊಂಡ ದಾಖಲೆ ಅದು, ಬಡವರಿಗೆ ದುಡ್ಡಿಗಿಂತ ಅದು ದೊಡ್ಡದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ಇಷ್ಟು ತಿಳಿದರೆ ಪಿಯುಸಿ ಓದುವ ಹುಡುಗಿ ತಾನೇ ಅರ್ಜಿ ಬರೆಯುತ್ತಾಳೆ.

ಎಲ್ಲಿ ಹೇಳುತ್ತೇವೆ, ಯಾರು ಕೇಳುತ್ತಾರೆ

ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಅದು ದೇವಸ್ಥಾನದ ಮುಂದಿನ ಕಟ್ಟೆಯ ಮೇಲೆ ನಡೆಯುತ್ತಿತ್ತು. ಗಂಡಸರು ಕಟ್ಟೆಯ ಮೇಲೆ, ಮೇಲ್ಜಾತಿಯ ಹೆಂಗಸರು ಪಕ್ಕದ ಜಗುಲಿಗಳಲ್ಲಿ, ಕಾಲೊನಿಯವರು ದೂರದ ಹುಣಸೆಮರದ ಹತ್ತಿರ. ಮೈಕಿನಲ್ಲಿ ಸಮಾನತೆಯ ಕಾನೂನು ಓದುತ್ತಿದ್ದರೂ ಅದನ್ನು ಕೇಳುವ ಹಕ್ಕುದಾರರು ದೂರದಲ್ಲೇ ನಿಂತಿದ್ದರು. ಸಭೆಯನ್ನು ಶಾಲೆ ಅಂಗಳಕ್ಕೆ ಬದಲಾಯಿಸಿ ಎಂದು ಠರಾವು ಮಾಡಿಸಲು ಬಹಳ ಓಡಾಡಬೇಕಾಯಿತು. ಶಾಲೆಯಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ಕೂತರು. ಆ ದಿನ ಕಾಲೊನಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತು ಶುದ್ಧ ನೀರಿನ ಘಟಕ ಕೆಟ್ಟು ಎಷ್ಟು ದಿನವಾಯಿತು ಎಂದು ಕೇಳಿದಳು. ಫ್ಲೋರೈಡ್ ನೀರಿನ ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಹೊತ್ತೂ ಮುಖ್ಯ. ಮೇ, ಜೂನ್‌ನಲ್ಲಿ ಮಾವಿನ ಮಂಡಿ ಬಿಟ್ಟು ಯಾರೂ ಸಭೆಗೆ ಬರುವುದಿಲ್ಲ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಹೆಚ್ಚುಕಮ್ಮಿ ಪ್ರತಿ ಮನೆಯಿಂದ ಒಬ್ಬರು ಅಲ್ಲಿರುತ್ತಾರೆ. ಕ್ಯಾನಿನ ಸಾಲಿನಲ್ಲಿ ನಿಂತವರಿಗೆ ಒಂದು ದಿನಕ್ಕೆ ಒಂದೇ ವಿಷಯ ಹೇಳಿದರೆ ರಾತ್ರಿ ಊಟದ ಹೊತ್ತಿಗೆ ಮನೆಮನೆಯಲ್ಲಿ ಅದೇ ಮಾತು. ನಮ್ಮ ಕಡೆ ಮನೆಮಾತು ತೆಲುಗು, ಕಾಗದ ಕನ್ನಡದಲ್ಲಿ. ಸುತ್ತೋಲೆಯನ್ನು ಕನ್ನಡದಲ್ಲೇ ಓದಿ, ತೆಲುಗಿನಲ್ಲಿ ಬಿಡಿಸಿ ಹೇಳಿ, ಕೊನೆಗೆ ಕೇಳಿದವರಲ್ಲಿ ಒಬ್ಬರ ಬಾಯಿಂದ ಮತ್ತೆ ಹೇಳಿಸುತ್ತಿದ್ದೆ. ಎಲ್ಲಿ ಅರ್ಥವಾಗಿಲ್ಲ ಎಂಬುದು ಆಗಲೇ ಗೊತ್ತಾಗುವುದು.

ಇನ್ನೊಂದು ಕಷ್ಟ ಪಕ್ಷದ್ದು. ಪ್ರತಿ ಊರೂ ಎರಡು ಪಾಳಯ. ಮನೆ, ಸಾಲ, ಸೌಲಭ್ಯದ ಸುದ್ದಿ ಗೆದ್ದವರ ಪಾಳಯಕ್ಕೆ ಮೊದಲು, ಉಳಿದವರಿಗೆ ಕೊನೆಯ ದಿನಾಂಕ ಕಳೆದ ಮೇಲೆ. ಫಲಾನುಭವಿ ಪಟ್ಟಿಯನ್ನು ಮುಚ್ಚಿಡದೆ ಸಭೆಯಲ್ಲಿ ಜೋರಾಗಿ ಓದಿಸಿ, ಪಂಚಾಯಿತಿ ಗ್ರಂಥಾಲಯದ ಅರಿವು ಕೇಂದ್ರದ ಗೋಡೆಗೆ ಅಂಟಿಸಿದ ಮೇಲೆ ಅನುಮಾನ ಕಡಿಮೆಯಾಯಿತು. ನನಗೆ ಓಟು ಹಾಕದವರೂ ಕಾಗದ ಹಿಡಿದು ನಮ್ಮ ಮನೆಗೆ ಬರತೊಡಗಿದರು.

ಭಯ ಇರುವಲ್ಲಿ ಕಾನೂನು

2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಸುದ್ದಿ ಬಂತು. ದೇವರ ಮೆರವಣಿಗೆಯ ಕೋಲು ಮುಟ್ಟಿದ ಎಂದು ದಲಿತ ಬಾಲಕನ ಕುಟುಂಬಕ್ಕೆ ಊರ ಹಿರಿಯರು 60,000 ರೂಪಾಯಿ ದಂಡ ಹಾಕಿದ್ದರು. ಪೊಲೀಸ್ ಪ್ರಕರಣ ದಾಖಲಾಯಿತು, ದೇಶಕ್ಕೆಲ್ಲ ಸುದ್ದಿಯಾಯಿತು. ಆ ವಾರ ನಮ್ಮ ಕಾಲೊನಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಊರವರು ದಂಡ ಹಾಕಿದರೆ ಕಟ್ಟಬೇಕಾ? ಕಟ್ಟಬೇಕಿಲ್ಲ. ಯಾವ ಊರ ಪಂಚಾಯ್ತಿಕೆಗೂ ದಂಡ ಹಾಕುವ, ಬಹಿಷ್ಕಾರ ಹಾಕುವ ಅಧಿಕಾರವಿಲ್ಲ. ಅಸ್ಪೃಶ್ಯತೆ ಆಚರಿಸುವುದು ಸಂವಿಧಾನದ 17ನೇ ವಿಧಿಯಂತೆ ಅಪರಾಧ, ಸಾಮಾಜಿಕ ಬಹಿಷ್ಕಾರ ಹಾಕುವುದು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಇದನ್ನು ಕಾಲೊನಿಯಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಊರೊಳಗೂ ಹೇಳಿದೆ. ಹಕ್ಕು ಇರುವವರಿಗೆ ಹೇಳಿದಂತೆ, ಅದನ್ನು ಮುರಿಯಬಲ್ಲವರಿಗೂ ಹೇಳಬೇಕು.

ಹಿರಿಯರು ಕಂಬಾಲಪಲ್ಲಿ ನೆನೆಸಿಕೊಂಡರು. 2000ನೇ ಇಸವಿಯ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ನ್ಯಾಯಾಲಯದಲ್ಲಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. "ಏಳು ಜೀವಕ್ಕೇ ಶಿಕ್ಷೆ ಆಗಲಿಲ್ಲ, ನಮ್ಮ ಮಾತಿಗೆ ಆಗುತ್ತಾ?" ಎಂದು ಅಜ್ಜಿಯೊಬ್ಬರು ಕೇಳಿದಾಗ ನಾನು ಸಮಾಧಾನದ ಮಾತು ಆಡಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿರುವುದನ್ನು ಓದಿ ಹೇಳಿದೆ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು, ಓಡಾಟದ ಖರ್ಚು ಕೊಡಬೇಕು, ಮೊಕದ್ದಮೆಯ ದಿನಾಂಕ ತಿಳಿಸಬೇಕು. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ, ಪ್ರತಿ ಕೊಡಬೇಕು. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಹೇಳುತ್ತದೆ. ದೂರಿಗೆ ಸಹಾಯವಾಣಿ 14566. ವಕೀಲರಿಗೆ ದುಡ್ಡಿಲ್ಲದಿದ್ದರೆ ಶ್ರೀನಿವಾಸಪುರದ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯದ ಮಿತಿ ಇಲ್ಲದೆ ಉಚಿತ ನೆರವು, ಫೋನ್ 15100. ಇದೆಲ್ಲ ಕೇಳಿದ ಮೇಲೆ ಆ ಅಜ್ಜಿ ಕೇಳಿದ್ದು ಇಷ್ಟೇ: "ಓದಿ ಹೇಳಲಿಲ್ಲ ಅಂದರೆ ಸಹಿ ಹಾಕೋದು ಬೇಡ, ಅಲ್ವಾ?" ಅಜ್ಜಿಗೆ ಓದು ಬಾರದು. ಕಾಯ್ದೆಯಲ್ಲಿ ತನಗೆ ಬೇಕಾದುದನ್ನು ಆಕೆ ಹಿಡಿದುಕೊಂಡಿದ್ದರು.

ಮುಂದೆ ಗೆದ್ದು ಬರುವವರಿಗೆ

ಹೊಸದಾಗಿ ಆಯ್ಕೆಯಾಗುವ ಸದಸ್ಯರು, ಅದರಲ್ಲೂ ಹೆಣ್ಣುಮಕ್ಕಳು, ಒಂದು ನೋಟ್‌ಬುಕ್ ಇಡಿ. ಯಾರು ಯಾವ ದಿನ ಯಾವ ಅರ್ಜಿ ಕೊಟ್ಟರು, ಗಡುವು ಯಾವಾಗ, ಮೇಲ್ಮನವಿ ಯಾರಿಗೆ ಎಂದು ಬರೆದಿಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ, ಗ್ರಂಥಪಾಲಕರು, ಇವರನ್ನು ಜೊತೆಗೆ ಇಟ್ಟುಕೊಳ್ಳಿ. ನಾವು ಅಧಿಕಾರದಿಂದ ಇಳಿದ ಮೇಲೂ ಅವರು ಊರಲ್ಲಿರುತ್ತಾರೆ.

ನಮ್ಮ ಕ್ಷೇತ್ರದಿಂದ ಯಾವ ಪಕ್ಷದಿಂದ ಯಾರೇ ಶಾಸಕರಾಗಲಿ, ಅವರಲ್ಲಿ ಒಂದು ಒತ್ತಾಯವಿದೆ. ಬೆಂಗಳೂರಿನ, ಬೆಳಗಾವಿಯ ಪ್ರತಿ ಅಧಿವೇಶನ ಮುಗಿದ ಮೇಲೆ ಹೋಬಳಿಗೊಂದು ಸಭೆ ಕರೆಯಿರಿ. ಈ ಸಲ ಯಾವ ಕಾಯ್ದೆ ಪಾಸಾಯಿತು, ಅದರ ಪರ ಅಥವಾ ವಿರೋಧ ನೀವು ಏನು ಮಾತಾಡಿದಿರಿ, ಅದರಿಂದ ನಮಗೆ ಏನು ಸಿಗುತ್ತದೆ ಎಂದು ಹೇಳಿ. ಆ ನಾಲ್ಕು ಪ್ರಶ್ನೆಗೆ ಉತ್ತರ ಬರೆದ ಒಂದು ಹಾಳೆಯನ್ನು ಪ್ರತಿ ಅರಿವು ಕೇಂದ್ರಕ್ಕೆ ಕಳಿಸಿ. ಇದಕ್ಕೆ ಅನುದಾನ ಬೇಕಿಲ್ಲ, ಯಾರ ಮಂಜೂರಾತಿಯೂ ಬೇಕಿಲ್ಲ. ನೀವು ಕರೆಯದಿದ್ದರೆ ಸಭೆಯನ್ನು ನಾವೇ ಕರೆದು ನಿಮಗೆ ಆಹ್ವಾನ ಕಳಿಸುತ್ತೇವೆ, ಸ್ವೀಕೃತಿಯನ್ನೂ ಕೇಳಿ ಪಡೆಯುತ್ತೇವೆ.