ಮಣಿಕಟ್ಟಿನ ನರ ಪರೀಕ್ಷೆ: ಮಾಡಬೇಕಾದ್ದು, ಮಾಡಬಾರದ್ದು

ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವವರಿಗೆ, ಕೈ ಕೊಡವಿದರೆ ಹಾಯೆನಿಸುವವರಿಗೆ, ಮಣಿಕಟ್ಟಿನಲ್ಲಿ ಮೀಡಿಯನ್ ನರ ಅದುಮಿಹೋಗುವ ಕಾರ್ಪಲ್ ಟನಲ್ ತೊಂದರೆಯ ಅನುಮಾನದಿಂದ ವೈದ್ಯರು ಈ ಪರೀಕ್ಷೆ ಬರೆದುಕೊಡುತ್ತಾರೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ. ಮೀಡಿಯನ್ ನರದಲ್ಲಿ ಅದು ಎಷ್ಟು ಬೇಗ ಸಾಗಿತು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಮಾಡಬೇಕಾದ್ದು

ಕೈ ಬೆಚ್ಚಗಿರಲಿ. ಇದು ಎಲ್ಲಕ್ಕಿಂತ ಮುಖ್ಯ. ತಣ್ಣಗಿರುವ ಕೈಯಲ್ಲಿ ಆರೋಗ್ಯವಂತ ನರವೂ ನಿಧಾನವಾಗುತ್ತದೆ, ಇಲ್ಲದ ಕಾಯಿಲೆ ವರದಿಯಲ್ಲಿ ಕಾಣಿಸುತ್ತದೆ. ಕೈಯ ಚರ್ಮ ಸುಮಾರು 32 ಡಿಗ್ರಿ ಸೆಲ್ಸಿಯಸ್ ಆದರೂ ಇರಬೇಕು. ಚಳಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದರೆ, ಎಸಿ ಕೋಣೆಯಲ್ಲಿ ಕಾದು ಕೈ ತಣ್ಣಗಾಗಿದ್ದರೆ ತಂತ್ರಜ್ಞರಿಗೆ ಹೇಳಿ. ಬೆಚ್ಚಗೆ ಮಾಡಿದ ಮೇಲೇ ಪರೀಕ್ಷೆ ಶುರುವಾಗಲಿ.

ಬಳೆ, ಉಂಗುರ, ವಾಚು ಬಿಚ್ಚಿಡಿ. ತೋಳು ಮೊಣಕೈ ಮೇಲಕ್ಕೆ ಮಡಚಲು ಬರುವಂಥ ಬಟ್ಟೆ ತೊಡಿ. ಊಟ ಮಾಡಿಕೊಂಡೇ ಬನ್ನಿ.

ಪೇಸ್‌ಮೇಕರ್ ಅಥವಾ ಎದೆಯೊಳಗೆ ಕೂರಿಸಿದ ಬೇರೆ ಸಾಧನವಿದ್ದರೆ, ಕೋಣೆಗೆ ಹೋಗುವ ಮುಂಚೆಯೇ ತಿಳಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಗರ್ಭ, ಕುತ್ತಿಗೆ ನೋವು ಯಾವುದನ್ನೂ ಮುಚ್ಚಿಡಬೇಡಿ. ಕುತ್ತಿಗೆಯಲ್ಲಿ ನರದ ಬೇರು ಅದುಮಿಹೋದರೂ ಬೆರಳು ಹೀಗೇ ಜೋಮು ಹಿಡಿಯುತ್ತದೆ.

ಮಾಡಬಾರದ್ದು

ಅಂದು ಕೈಗೆ ಕೊಬ್ಬರಿ ಎಣ್ಣೆ, ಕ್ರೀಮು, ನೋವಿನ ಮುಲಾಮು ಹಚ್ಚಬೇಡಿ. ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ.

ಮಿಡಿತ ತಾಗಿದಾಗ ಬೆರಳು ತಾನಾಗಿ ಅದುರುತ್ತದೆ, ಹೆದರಿ ಕೈ ಎಳೆದುಕೊಳ್ಳಬೇಡಿ. ತೀರಾ ನೋವಾದರೆ ನಿಲ್ಲಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸ್ನಾಯುವಿಗೆ ಸೂಜಿ ಹಾಕಿ ನೋಡುವುದೂ ಇದ್ದರೆ ಆ ಮಾತ್ರೆಯ ಹೆಸರು ಹೇಳಿ, ಸಾಕು.

ಕಿರುಬೆರಳಿನ ನರವನ್ನೂ ನೋಡಬೇಕು ಎಂದಾಗ ಬೇಡವೆನ್ನಬೇಡಿ. ಎರಡು ನರಗಳನ್ನು ಹೋಲಿಸಿದಾಗಲೇ, ತೊಂದರೆ ಮೀಡಿಯನ್ ನರದ್ದು ಮಾತ್ರವೋ, ಸಕ್ಕರೆ ಕಾಯಿಲೆಯಂತೆ ಎಲ್ಲ ನರಗಳನ್ನೂ ಹಿಡಿದದ್ದೋ ಎಂಬುದು ಗೊತ್ತಾಗುವುದು.

ಕಂಪ್ಯೂಟರ್ ಅಚ್ಚು ಹಾಕಿದ ಒಂದು ಸಾಲನ್ನೇ ನಂಬಿ ತೀರ್ಮಾನಕ್ಕೆ ಬರಲೇಬೇಡಿ. ಟೇಪಿನಲ್ಲಿ ಅಳೆದ ದೂರವನ್ನು ತಪ್ಪಾಗಿ ನಮೂದಿಸಿದರೆ ವೇಗವೂ ತಪ್ಪಾಗುತ್ತದೆ. ಯಂತ್ರ ಅದನ್ನು ತಾನಾಗಿ ತಿದ್ದುವುದಿಲ್ಲ. ಲಕ್ಷಣಗಳು ಸ್ಪಷ್ಟವಾಗಿದ್ದೂ ವರದಿ ಸರಿಯಾಗಿ ಬರುವ ರೋಗಿಗಳಿದ್ದಾರೆ. ತೊಂದರೆಯೇ ಇಲ್ಲದವರ ವರದಿಯಲ್ಲಿ ಏರುಪೇರು ಕಾಣುವುದೂ ಉಂಟು. ಆ ಕಾಗದ ನೋಡಿ ಆಪರೇಷನ್ನಿಗೆ ದಿನ ಗೊತ್ತುಮಾಡುವುದೂ ತಪ್ಪು, ಏನೂ ಇಲ್ಲವೆಂದು ಸುಮ್ಮನಾಗುವುದೂ ತಪ್ಪು. ಅಲೆಗಳ ಚಿತ್ರವನ್ನೂ ನಿಮ್ಮ ಕೈಯನ್ನೂ ಒಟ್ಟಿಗೆ ನೋಡಿದ ನರರೋಗ ತಜ್ಞರೇ ನಿರ್ಧಾರ ಹೇಳಬೇಕು.

ಹೆಬ್ಬೆರಳಿನ ಬುಡದ ಮಾಂಸ ಇಳಿದಿದ್ದರೆ, ಗುಂಡಿ ಹಾಕಲು ಕಷ್ಟವಾಗಿ ಹಿಡಿದ ಲೋಟ ಜಾರುತ್ತಿದ್ದರೆ, ಪರೀಕ್ಷೆಯ ದಿನ ಮುಂದೂಡಬೇಡಿ. ಸರದಿ ದೂರವಿದ್ದರೆ ವೈದ್ಯರಿಗೆ ಇಂದೇ ತಿಳಿಸಿ.