ಓಟ ಮುಗಿಯುವ ಮೊದಲೇ ಸಮಯ ಹೇಳಬಹುದೇ?

ಗೆಳೆಯರೇ, ಒಂದು ಪೆನ್ನಿಗೆ 10 ರೂಪಾಯಿ ಆದರೆ ಎರಡು ಪೆನ್ನಿಗೆ ಎಷ್ಟು? 20 ರೂಪಾಯಿ. ಇದು ಒಂದನೇ ಕ್ಲಾಸಿನವರಿಗೂ ಗೊತ್ತು. ಹಾಗಾದರೆ ಒಬ್ಬ ಓಟಗಾರ ಒಂದು ಸುತ್ತನ್ನು 50 ಸೆಕೆಂಡಿನಲ್ಲಿ ಓಡಿದರೆ ಎರಡು ಸುತ್ತಿಗೆ ಎಷ್ಟು? 100 ಸೆಕೆಂಡು ಅಂದಿರಾ? ಗುಣಾಕಾರ ಸರಿ. ಆದರೆ ಓಟ ಹಾಗೆ ನಡೆಯೋದಿಲ್ಲ. ಯಾಕೆ ಅಂತ ನೋಡೋಣ ಬನ್ನಿ.

ಮಧ್ಯಮ ದೂರದ ಓಟ ಎಂದರೇನು?

100, 200, 400 ಮೀಟರ್ ಓಟಗಳು ವೇಗದ ಓಟಗಳು. 5000, 10000 ಮೀಟರ್ ದೂರದ ಓಟಗಳು. ಇವುಗಳ ನಡುವೆ ಬರುವ 800 ಮತ್ತು 1500 ಮೀಟರ್ ಓಟಗಳನ್ನು ಮಧ್ಯಮ ದೂರದ ಓಟ ಎನ್ನುತ್ತಾರೆ. ದೊಡ್ಡ ಕ್ರೀಡಾಂಗಣದ ಟ್ರ್ಯಾಕ್ ಒಂದು ಸುತ್ತಿಗೆ 400 ಮೀಟರ್ ಇರುತ್ತದೆ. ಆದ್ದರಿಂದ 800 ಮೀಟರ್ ಅಂದರೆ 2 ಸುತ್ತು. 1500 ಮೀಟರ್ ಅಂದರೆ ಮೂರು ಮುಕ್ಕಾಲು ಸುತ್ತು.

ಮೊದಲನೇ ಲೆಕ್ಕ: 800 ಮೀಟರ್

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾ ದೇಶದ ಡೇವಿಡ್ ರುಡಿಶಾ ವಿಶ್ವದಾಖಲೆ ಮಾಡಿದರು. ಅವರ ಮೊದಲ ಸುತ್ತು 49.28 ಸೆಕೆಂಡು. ಎರಡರಿಂದ ಗುಣಿಸಿದರೆ 98.56, ಅಂದರೆ 1 ನಿಮಿಷ 38.56 ಸೆಕೆಂಡು. ಆದರೆ ಅವರು ಓಟ ಮುಗಿಸಿದ್ದು 1 ನಿಮಿಷ 40.91 ಸೆಕೆಂಡಿಗೆ. ಎರಡನೇ ಸುತ್ತಿಗೆ 51.63 ಸೆಕೆಂಡು ಬೇಕಾಯಿತು.

ಕಾರಣ ಇಷ್ಟೇ. ಅಷ್ಟು ಜೋರಾಗಿ ಓಡುವಾಗ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಉಸಿರಾಟದಿಂದ ಸಿಗೋದಿಲ್ಲ. ಆಮ್ಲಜನಕ ಸಾಲದೆ ಇದ್ದರೂ ಸ್ನಾಯುಗಳು ಸ್ವಲ್ಪ ಹೊತ್ತು ಶಕ್ತಿ ಉತ್ಪತ್ತಿ ಮಾಡಬಲ್ಲವು. ಆದರೆ ಆ ಶಕ್ತಿ ತುಂಬಾ ಹೊತ್ತು ಬರೋದಿಲ್ಲ. ಕಾಲು ಭಾರವಾಗುತ್ತದೆ, ವೇಗ ಇಳಿಯುತ್ತದೆ.

ಇದಕ್ಕೆ ಒಂದು ಬಾಯಿಲೆಕ್ಕ ಇದೆ: ಮೊದಲ ಸುತ್ತಿನ ಸಮಯವನ್ನು ಎರಡರಿಂದ ಗುಣಿಸಿ, 2 ಸೆಕೆಂಡು ಕೂಡಿಸಿ. ರುಡಿಶಾಗೆ ಹಾಗೆ ಮಾಡಿದರೆ 1 ನಿಮಿಷ 40.56 ಸೆಕೆಂಡು. ಅರ್ಧ ಸೆಕೆಂಡೂ ತಪ್ಪಲಿಲ್ಲ ನೋಡಿ!

ಈಗ ನಮ್ಮ ದೇಶದವರ ಲೆಕ್ಕ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಭಾರತದ ಶ್ರೀರಾಮ್ ಸಿಂಗ್ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಓಡಿದರು. ಆ ಸುತ್ತು ಸುಮಾರು 51 ಸೆಕೆಂಡು. ಲೆಕ್ಕದ ಪ್ರಕಾರ 1 ನಿಮಿಷ 44 ಸೆಕೆಂಡು ಬರಬೇಕು. ಕ್ಯೂಬಾ ದೇಶದ ಆಲ್ಬರ್ಟೊ ಹುವಾಂಟೊರೇನಾ 1 ನಿಮಿಷ 43.50 ಸೆಕೆಂಡಿಗೆ ಗೆದ್ದರು. ಶ್ರೀರಾಮ್ ಸಿಂಗ್ 1 ನಿಮಿಷ 45.77 ಸೆಕೆಂಡಿಗೆ ಏಳನೆಯವರಾಗಿ ಬಂದರು. ಏಳನೇ ಸ್ಥಾನ ಅಂತ ಕಡೆಗಣಿಸಬೇಡಿ. ಆ ಸಮಯ 2018ರ ತನಕ, ಅಂದರೆ 42 ವರ್ಷ, ಭಾರತದ ದಾಖಲೆಯಾಗಿ ಉಳಿದಿತ್ತು!

ಎರಡನೇ ಲೆಕ್ಕ: 1500 ಮೀಟರ್

ಇಲ್ಲಿ ಒಂದು ಸುತ್ತಿನ ಸಮಯವನ್ನು 3.75ರಿಂದ ಗುಣಿಸಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್ಸೆನ್ ಮುಂದೆ ನುಗ್ಗಿ ಮೊದಲ 400 ಮೀಟರನ್ನು ಸುಮಾರು 55 ಸೆಕೆಂಡಿನಲ್ಲಿ ಓಡಿದರು. 55 × 3.75 = 206.25, ಅಂದರೆ 3 ನಿಮಿಷ 26.25 ಸೆಕೆಂಡು. ಗೆದ್ದವರ ಸಮಯ 3 ನಿಮಿಷ 27.65 ಸೆಕೆಂಡು. ಲೆಕ್ಕ ಹತ್ತಿರ ಬಂತು. ಆದರೆ ಗೆದ್ದವರು ಅಮೆರಿಕದ ಕೋಲ್ ಹಾಕರ್. ಓಟವನ್ನು ಎಳೆದುಕೊಂಡು ಹೋದ ಇಂಗೆಬ್ರಿಗ್ಟ್ಸೆನ್ ನಾಲ್ಕನೆಯವರಾದರು.

2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೊದಲ 400 ಮೀಟರಿಗೆ ಸುಮಾರು 67 ಸೆಕೆಂಡು ಹಿಡಿಯಿತು. 67 × 3.75 = 251.25, ಅಂದರೆ 4 ನಿಮಿಷ 11.25 ಸೆಕೆಂಡು. ಗೆದ್ದ ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ ಸಮಯ 3 ನಿಮಿಷ 50.00 ಸೆಕೆಂಡು. ಲೆಕ್ಕ 21 ಸೆಕೆಂಡು ತಪ್ಪಿತು! ಯಾಕೆಂದರೆ ಕೊನೆಯ 400 ಮೀಟರನ್ನು ಅವರು 51 ಸೆಕೆಂಡಿಗಿಂತ ಕಡಿಮೆಯಲ್ಲಿ ಓಡಿದರು.

ಹೀಗೇಕೆ?

ಮುಂದೆ ಓಡುವವನು ಗಾಳಿಗೆ ಎದೆ ಕೊಟ್ಟು ಓಡಬೇಕು. ಅವನ ಬೆನ್ನ ಹಿಂದೆ ಇರುವವರಿಗೆ ಗಾಳಿ ಕಡಿಮೆ, ಶ್ರಮವೂ ಕಡಿಮೆ. ಒಲಿಂಪಿಕ್ಸ್‌ನಲ್ಲಿ ಬೇಕಾಗಿರುವುದು ಪದಕ, ಗಡಿಯಾರದ ಸಮಯ ಅಲ್ಲ. ಆದ್ದರಿಂದ "ನೀನು ಮುಂದೆ ಹೋಗು, ನೀನು ಮುಂದೆ ಹೋಗು" ಅನ್ನೋ ಹಾಗೆ ಎಲ್ಲರೂ ನಿಧಾನ ಮಾಡಿ, ಕೊನೆಯಲ್ಲಿ ಬಾಣದ ಹಾಗೆ ಓಡುತ್ತಾರೆ. ದಾಖಲೆಗಾಗಿಯೇ ನಡೆಯುವ ಓಟಗಳು ಬೇರೆ. ಅಲ್ಲಿ ವೇಗ ಹಿಡಿದುಕೊಡಲು ಪೇಸ್ ಮೇಕರ್ ಎಂಬ ಓಟಗಾರರು ಇರುತ್ತಾರೆ. ಅವರು ಅರ್ಧ ದಾರಿ ಮುಂದೆ ಓಡಿ ಪಕ್ಕಕ್ಕೆ ಸರಿಯುತ್ತಾರೆ. 1998ರಲ್ಲಿ ರೋಮ್ ನಗರದಲ್ಲಿ ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್ 3 ನಿಮಿಷ 26.00 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದು ಹೀಗೆಯೇ.

ಇನ್ನೊಂದು ಆಶ್ಚರ್ಯದ ವಿಷಯ ಕೇಳಿ. ಅದೇ 2016ರಲ್ಲಿ ರಿಯೊದಲ್ಲೇ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷ ಇರುವವರ 1500 ಮೀಟರ್ ಓಟ ಇತ್ತು. ಅದರಲ್ಲಿ ಅಲ್ಜೀರಿಯಾದ ಅಬ್ದೆಲ್ಲತೀಫ್ ಬಾಕಾ 3 ನಿಮಿಷ 48.29 ಸೆಕೆಂಡಿಗೆ ಗೆದ್ದರು. ಆ ಓಟದ ಮೊದಲ ನಾಲ್ವರೂ ಸೆಂಟ್ರೊವಿಟ್ಜ್‌ಗಿಂತ ಕಡಿಮೆ ಸಮಯದಲ್ಲಿ ಮುಗಿಸಿದ್ದರು. 2025ರಲ್ಲಿ ಕೀನ್ಯಾದ ಫೇತ್ ಕಿಪ್ಯೆಗಾನ್ ಮಹಿಳೆಯರ ವಿಶ್ವದಾಖಲೆ ಮಾಡಿದ್ದು 3 ನಿಮಿಷ 48.68 ಸೆಕೆಂಡಿಗೆ. ಅದೂ ಸೆಂಟ್ರೊವಿಟ್ಜ್ ಸಮಯಕ್ಕಿಂತ ಕಡಿಮೆ! ಹಾಗಂತ ಸೆಂಟ್ರೊವಿಟ್ಜ್ ನಿಧಾನದ ಓಟಗಾರರೇ? ಅಲ್ಲವೇ ಅಲ್ಲ. 2015ರಲ್ಲಿ ಅವರು 3 ನಿಮಿಷ 30.40 ಸೆಕೆಂಡಿಗೆ ಓಡಿದ್ದರು.

ಇದರಿಂದ ತಿಳಿಯುವುದೇನೆಂದರೆ, ಸಮಯ ಓಟಗಾರನ ಶಕ್ತಿಯನ್ನು ಮಾತ್ರ ತೋರಿಸೋದಿಲ್ಲ. ಆ ದಿನ ಆ ಓಟ ಹೇಗೆ ನಡೆಯಿತು ಅಂತಲೂ ತೋರಿಸುತ್ತದೆ.

ನಮ್ಮ ಶಾಲೆಯ ಆಯ್ಕೆ

ಮೊದಲು ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲಿ ಪ್ರತಿ ಗುಂಪಿನ ಮುಂದಿನ ಸ್ಥಾನದವರ ಜೊತೆಗೆ, ಉಳಿದವರಲ್ಲಿ ಕಡಿಮೆ ಸಮಯ ತೆಗೆದುಕೊಂಡವರನ್ನೂ ಆರಿಸುತ್ತಿದ್ದರು. ಪ್ಯಾರಿಸ್ 2024ರಲ್ಲಿ 200ರಿಂದ 1500 ಮೀಟರ್ ವರೆಗಿನ ಓಟಗಳಿಗೆ ಇದನ್ನು ಬದಲಾಯಿಸಿ, ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದವರಿಗೆ ಇನ್ನೊಂದು ಓಟ ಇಟ್ಟರು.

ನಮ್ಮ ಶಾಲೆಯ ಬಯಲು ಚಿಕ್ಕದು. 600 ಮೀಟರ್ ಓಟಕ್ಕೆ ಹೆಸರು ಕೊಟ್ಟವರು ಜಾಸ್ತಿ. ಎರಡು ಗುಂಪು ಮಾಡಿ ಓಡಿಸಿ, ಕಡಿಮೆ ಸಮಯದವರಿಬ್ಬರನ್ನು ತಾಲ್ಲೂಕಿಗೆ ಕಳಿಸಿದರೆ ಏನಾಗುತ್ತದೆ? ಒಂದು ಗುಂಪು ಮೊದಲು ನಿಧಾನವಾಗಿ ಓಡಿದರೆ ಅದರಲ್ಲಿ ಗೆದ್ದವನೂ ಮನೆಯಲ್ಲೇ ಉಳಿಯಬೇಕಾಗುತ್ತದೆ. ಎರಡೂ ಗುಂಪಿನ ಮೊದಲ ಮೂವರನ್ನು ಮರುದಿನ ಒಟ್ಟಿಗೆ ಓಡಿಸಿ, ಆಮೇಲೆ ಆರಿಸಬೇಕೆಂದು ಪಿ.ಟಿ. ಮೇಷ್ಟ್ರಲ್ಲಿ ಕೇಳಿಕೊಳ್ಳುತ್ತೇನೆ. ಹುಡುಗಿಯರ ಓಟಕ್ಕೂ ಹೀಗೇ ಮಾಡಬೇಕು.

ಅಭ್ಯಾಸ

1. 800 ಮೀಟರ್ ಓಟದಲ್ಲಿ ಮೊದಲ ಸುತ್ತು 52 ಸೆಕೆಂಡು ಆದರೆ ಓಟ ಎಷ್ಟಕ್ಕೆ ಮುಗಿಯಬಹುದು?

2. 1500 ಮೀಟರನ್ನು 3 ನಿಮಿಷ 45 ಸೆಕೆಂಡಿಗೆ ಓಡಿದರೆ ಒಂದು ಸುತ್ತಿಗೆ ಸರಾಸರಿ ಎಷ್ಟು ಸೆಕೆಂಡು?

ಉತ್ತರ ಮುಂದಿನ ಸಂಚಿಕೆಯಲ್ಲಿ.

- 7ನೇ ತರಗತಿ ವಿದ್ಯಾರ್ಥಿ