ಸಹಕಾರ ಸಾರಿಗೆಯ ಏಳುಬೀಳು: ನಮಗೊಂದು ಪಾಠ



ನಮ್ಮ ಅಡಿಕೆ ಉತ್ತರ ಭಾರತದ ಪೇಟೆಗೆ ಹೋಗಬೇಕು. ಗೊಬ್ಬರ, ಹಿಂಡಿ, ಅಕ್ಕಿ ನಮ್ಮಲ್ಲಿಗೆ ಬರಬೇಕು. ಲಾರಿ ಬಾಡಿಗೆಯನ್ನು ಮೊದಲಿಗೆ ಯಾರೇ ಕೊಡಲಿ, ಕೊನೆಗೆ ಅದು ಬೆಳೆಗಾರನಿಗೆ ಸಿಗುವ ದರದಲ್ಲಿಯೇ ವಜಾ ಆಗುತ್ತದೆ. ಆದ್ದರಿಂದ “ಸಂಘಕ್ಕೇ ಒಂದೆರಡು ಲಾರಿ ಏಕಿರಬಾರದು?” ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಹೇಳುವ ಮೊದಲು, ನಮ್ಮಂತೆಯೇ ಕಾಫಿ-ಅಡಿಕೆ ಬೆಳೆಯುವ ಕೊಪ್ಪ ಸೀಮೆಯಲ್ಲಿ ನಡೆದುದನ್ನು ಅಭ್ಯಾಸ ಮಾಡುವುದು ಉಚಿತ. ಅದು ಬಸ್ಸಿನ ಸಂಗತಿ. ಆದರೆ ಗಾಲಿಯ ಲೆಕ್ಕ ಬಸ್ಸಿಗೂ ಲಾರಿಗೂ ಒಂದೇ.

ಕೊಪ್ಪದ ಪ್ರಯೋಗ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಸುತ್ತ ಹಿಂದೆ ಶಂಕರ್ ಕಂಪನಿಯ ಬಸ್ಸುಗಳು ಓಡುತ್ತಿದ್ದವು. ಕೆಲಸಗಾರರಿಗೂ ಆಡಳಿತಕ್ಕೂ ತಕರಾರು ಬೆಳೆದು ಕಂಪನಿ ನಿಂತಿತು. ಕೆಲಸ ಕಳೆದುಕೊಂಡವರು ಊರು ಬಿಡಲಿಲ್ಲ. ತಾವೇ ಸೇರಿ 1991ರಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. 6 ಬಸ್ಸುಗಳಿಂದ ಆರಂಭವಾಯಿತು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ದುಡಿಯುವವರೂ ಹೌದು, ಒಡೆಯರೂ ಹೌದು. ಜನ ಅದನ್ನು ‘ಸಹಕಾರ ಸಾರಿಗೆ’ ಎಂದೇ ಕರೆದರು. ಬಸ್ಸುಗಳ ಸಂಖ್ಯೆ 70ನ್ನು ದಾಟಿತು. ಮಲೆನಾಡಿನ ಒಳಹಳ್ಳಿಗಳಿಗೆ ಬಸ್ಸು ಬಂತು. ವಿದ್ಯಾರ್ಥಿಗಳಿಗೆ ರಿಯಾಯಿತಿ ದೊರೆಯಿತು. ಸಹಕಾರ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಅಪರೂಪ.

ಆದಾಗ್ಯೂ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಕೊರೋನಾ ಲಾಕ್‌ಡೌನ್ ಬಂದದ್ದು ಅದೇ ಮಾರ್ಚ್ ಕೊನೆಯಲ್ಲಿ. ಆದ್ದರಿಂದ ಆ ರೋಗವನ್ನು ಕಾರಣವೆಂದು ಹೇಳುವಂತಿಲ್ಲ.

ಕಾರಣಗಳು

2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರಕಾರಿ ಹಿಡಿತ ಹೋಯಿತು. 2017ರ ಜೂನ್‌ನಿಂದ ದರ ದಿನದಿನವೂ ಬದಲಾಗತೊಡಗಿತು. ಬಸ್ಸಿನ ಪ್ರಯಾಣದರವನ್ನಾದರೋ ಸರಕಾರ ಗೊತ್ತು ಮಾಡುತ್ತದೆ. ಅದು ದಿನದಿನ ಬದಲಾಗದು. ವಿಮೆ, ರಸ್ತೆ ತೆರಿಗೆ, ಟಯರು, ಬಿಡಿಭಾಗ ಎಲ್ಲವೂ ಏರಿದವು. ಇತ್ತ ಮನೆಮನೆಗೆ ಬೈಕು ಬಂದು ಬಸ್ಸಿನಲ್ಲಿ ಜನ ಕಡಿಮೆಯಾದರು. ಖರ್ಚೂ ಕೈಯಲ್ಲಿಲ್ಲ, ದರವೂ ಕೈಯಲ್ಲಿಲ್ಲ ಎಂಬ ಸ್ಥಿತಿಯಲ್ಲಿ ಸಂಘದ ಒಗ್ಗಟ್ಟೊಂದೇ ಬಸ್ಸನ್ನು ಓಡಿಸಲಾರದು.

ಸವಕಳಿಯ ಲೆಕ್ಕ

ಇನ್ನು ಲಾರಿಯ ಲೆಕ್ಕವನ್ನೇ ನೋಡೋಣ. ಉದಾಹರಣೆಗೆ, 30 ಲಕ್ಷದ ಲಾರಿ 10 ವರ್ಷ ಓಡಿ 5 ಲಕ್ಷಕ್ಕೆ ಮಾರಾಟವಾಯಿತೆನ್ನಿ. ಸವೆದದ್ದು 25 ಲಕ್ಷ. ವರ್ಷಕ್ಕೆ ಎರಡೂವರೆ ಲಕ್ಷ. ವರ್ಷದಲ್ಲಿ 250 ದಿನ ಓಡಿದರೆ ದಿನಕ್ಕೆ 1000 ರೂಪಾಯಿ. ಡೀಸೆಲ್, ಸಂಬಳ, ರಿಪೇರಿ, ವಿಮೆ, ಬಡ್ಡಿ ಕಳೆದ ಮೇಲೂ ಈ ಸಾವಿರ ಉಳಿಯಬೇಕು. ಉಳಿಯದಿದ್ದರೆ, ಕೈಯಲ್ಲಿ ನಗದು ಓಡಾಡುತ್ತಿದ್ದರೂ ಲಾರಿ ತನ್ನನ್ನೇ ತಿನ್ನುತ್ತಿದೆ ಎಂದರ್ಥ. ಹತ್ತು ವರ್ಷದ ಬಳಿಕ ಹೊಸ ಲಾರಿಗೆ 45 ಲಕ್ಷ ಆಯಿತೆಂದರೆ, ಪೂರ್ತಿ ಸವಕಳಿ ತೆಗೆದಿಟ್ಟವನಿಗೂ 15 ಲಕ್ಷ ಕೊರತೆ!

ನಮ್ಮ ರಾಜ್ಯದ ಸಹಕಾರ ಕಾಯಿದೆಯಂತೆ ನಿವ್ವಳ ಲಾಭದ ಕನಿಷ್ಠ ಶೇಕಡಾ 25 ಭಾಗ ಆಪದ್ಧನಕ್ಕೆ ಹೋಗಬೇಕು. ಆದರೆ ಸವಕಳಿ ಲಾಭದ ಪಾಲಲ್ಲ. ಲಾಭ ಎಣಿಸುವ ಮೊದಲೇ ತೆಗೆದಿಡಬೇಕಾದ ಖರ್ಚು. ಇದನ್ನು ಕಡಿಮೆ ತೋರಿಸಿ ಡಿವಿಡೆಂಡ್ ಹಂಚಿದರೆ, ಹಂಚಿದ್ದು ಲಾಭವಲ್ಲ, ಲಾರಿಯ ಗಾಲಿ.

ಹೊರಗಿನ ಒಂದು ನಿದರ್ಶನ

ಸರಕು ಸಾಗಣೆಯಲ್ಲಿ ಕೆಲಸಗಾರರೇ ಒಡೆಯರಾದ ದೊಡ್ಡ ಪ್ರಯೋಗ ಇಂಗ್ಲೆಂಡಿನದು. 1982ರಲ್ಲಿ ಅಲ್ಲಿಯ ಸರಕಾರದ ನ್ಯಾಷನಲ್ ಫ್ರೈಟ್ ಕಂಪನಿಯನ್ನು ಅದರ ನೌಕರರೂ ನಿವೃತ್ತರೂ ಸೇರಿ 5 ಕೋಟಿ 35 ಲಕ್ಷ ಪೌಂಡಿಗೆ ಕೊಂಡರು. ಕಂಪನಿ ಚೆನ್ನಾಗಿ ನಡೆಯಿತು. ಷೇರಿನ ಬೆಲೆ ಬಹುಪಾಲು ಏರಿತು. 1989ರಲ್ಲಿ ಷೇರು ಪೇಟೆಗೆ ಬಂದ ಮೇಲೆ ನೌಕರರ ಪಾಲು ಹೊರಗಿನವರ ಕೈಗೆ ಜಾರುತ್ತ ಹೋಯಿತು. 2000ದಲ್ಲಿ ಅದು ಮತ್ತೊಂದು ಕಂಪನಿಯೊಡನೆ ವಿಲೀನವಾಗಿ ‘ಎಕ್ಸೆಲ್’ ಎನಿಸಿತು. 2005ರಲ್ಲಿ ಜರ್ಮನಿಯ ಡಾಯ್ಚ ಪೋಸ್ಟ್ ಅದನ್ನು ಕೊಂಡಿತು. ಅಲ್ಲಿ ಗಾಡಿ ಉಳಿದು ಒಡೆತನ ಹೋಯಿತು. ಕೊಪ್ಪದಲ್ಲಿ ಒಡೆತನ ಉಳಿದು ಗಾಡಿ ನಿಂತಿತು. ಸಹಕಾರ ಸಂಘದ ಷೇರು ಪೇಟೆಯಲ್ಲಿ ಮಾರುವ ವಸ್ತುವಲ್ಲವಾದ್ದರಿಂದ ಮೊದಲನೆಯ ಭಯ ನಮಗಿಲ್ಲ. ಎರಡನೆಯದು ಇದೆ.

ನಾವು ಕೇಳಿಕೊಳ್ಳಬೇಕಾದುದು

1. ಅಡಿಕೆ ಇಳಿಸಿದ ಲಾರಿಗೆ ಮರಳಿ ಬರುವಾಗ ಲೋಡು ಇದೆಯೇ? ಖಾಲಿ ಬರುವ ಲಾರಿ ಅರ್ಧ ದಾರಿಯ ಡೀಸೆಲನ್ನು ಸುಮ್ಮನೆ ಸುಡುತ್ತದೆ.

2. ಕೊಯ್ಲು, ಮಾರಾಟದ ಸುಗ್ಗಿ ಮುಗಿದ ಮೇಲೆ, ಮಳೆಗಾಲದ ನಾಲ್ಕು ತಿಂಗಳು ಅದಕ್ಕೆ ಕೆಲಸವೇನು? ಓಡದ ಲಾರಿಗೂ ಬಡ್ಡಿ, ವಿಮೆ ತಪ್ಪದು.

3. ಪೇಟೆಯ ಬಾಡಿಗೆ ಇಳಿದಾಗ ಸದಸ್ಯರು ಸಂಘದ ಲಾರಿಗೇ ಸರಕು ಕೊಡುವರೇ?

4. ಸವಕಳಿಯ ಹಣ ಬೇರೆ ಖಾತೆಯಲ್ಲಿ ಇರುವುದೇ, ಅದನ್ನು ಬೇರೆ ಕೆಲಸಕ್ಕೆ ಮುಟ್ಟದ ಕಟ್ಟುನಿಟ್ಟು ಇದೆಯೇ?

ನಾಲ್ಕಕ್ಕೂ ಹೌದು ಎನ್ನುವ ಧೈರ್ಯವಿದ್ದರೆ ಲಾರಿ ಕೊಳ್ಳಬಹುದು. ಇಲ್ಲವಾದರೆ ಸದಸ್ಯರ ಸರಕನ್ನೆಲ್ಲ ಒಟ್ಟುಗೂಡಿಸಿ, ವರ್ಷಕ್ಕೊಮ್ಮೆ ಬಾಡಿಗೆಯ ಕರಾರು ಮಾಡಿಕೊಳ್ಳುವುದೇ ಲೇಸು. ಅದೂ ಸಹಕಾರವೇ.

ಕೊಪ್ಪದವರು ಸುಮಾರು 29 ವರ್ಷ ಬಸ್ಸು ನಡೆಸಿದರು. ಅದು ಸಣ್ಣ ಸಾಧನೆಯಲ್ಲ. ಅವರ ದುಡಿಮೆಗೆ ಗೌರವ ಕೊಡುವ ಬಗೆಯೆಂದರೆ ಲೆಕ್ಕವನ್ನು ಮೊದಲೇ ಮಾಡುವುದು. ಸದಸ್ಯರು ಈ ಪ್ರಶ್ನೆಗಳನ್ನು ಮನೆಯಲ್ಲಿ ವಿಚಾರಮಾಡಿ ಮಹಾಸಭೆಗೆ ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ